ಸಾಗಾನ್ ಯುದ್ಧಕೈದಿಗಳ ಕ್ಯಾಂಪಿನಲ್ಲಿ ದಿನ ದೂಡಿದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಯುದ್ಧಕೈದಿ ಅಂದ ತಕ್ಷಣ ನಮ್ಮ ತಲೆಗೆ ಬರುವುದು ಸುರಂಗ, ಸರ್ಚ್‌ಲೈಟು, ಬೇಟೆನಾಯಿ. ಅಲ್ಲಿದ್ದವರು ಬರೆದಿಟ್ಟದ್ದನ್ನು ಓದಿದರೆ ಸಿಗುವುದೇ ಬೇರೆ. ಇವತ್ತು ಆಲೂಗಡ್ಡೆ ಎಷ್ಟು ಬಂತು, ಕಾಗದ ಬಂತಾ ಇಲ್ವಾ, ಮೇಲಿನ ಮಂಚದವನ ಗೊರಕೆ, ಮತ್ತೆ ಆಲೂಗಡ್ಡೆ. ಈ ವಿಷಯ ಎತ್ತಿದಾಗೆಲ್ಲ ಜನ ಸುಮಾರಾಗಿ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಯಾವ ಕ್ಯಾಂಪಿನ ವಿಷಯ ಇದು?

ಸ್ಟಾಲಾಗ್ ಲುಫ್ಟ್ 3. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಾಯುಪಡೆ ತಾನು ಹೊಡೆದುರುಳಿಸಿದ ವಿಮಾನಗಳ ಪೈಲಟ್‌ಗಳು, ನ್ಯಾವಿಗೇಟರ್‌ಗಳು, ಗನ್ನರ್‌ಗಳನ್ನು ಕೂಡಿಡಲು 1942ರಲ್ಲಿ ತೆರೆದದ್ದು. ಬರ್ಲಿನ್‌ನಿಂದ ಆಗ್ನೇಯಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಸಾಗಾನ್ ಅನ್ನುವ ಊರಿನ ಹೊರಗೆ, ಪೈನ್ ಕಾಡು ಕಡಿದು ಕಟ್ಟಿದ ಕ್ಯಾಂಪು. ಈಗ ಆ ಊರು ಪೋಲೆಂಡಿನಲ್ಲಿದೆ, ಹೆಸರು ಝಗಾನ್. ಬ್ರಿಟಿಷರು, ಕೆನಡಾದವರು, ಆಸ್ಟ್ರೇಲಿಯಾದವರು, ಪೋಲೆಂಡಿನವರು, ನಾರ್ವೆಯವರು, ಆಮೇಲೆ ರಾಶಿ ರಾಶಿ ಅಮೆರಿಕನ್ನರು. ಕೊನೆಯ ಹೊತ್ತಿಗೆ ಸುಮಾರು 10 ಸಾವಿರ ಜನ ಆಗಿದ್ದರು. ಕೈದಿಗಳು ತಮ್ಮನ್ನು ತಾವು ಕ್ರೀಗಿ ಅಂತ ಕರೆದುಕೊಳ್ಳುತ್ತಿದ್ದರು. ಯುದ್ಧಕೈದಿಗೆ ಜರ್ಮನ್‌ನಲ್ಲಿರುವ ಉದ್ದ ಪದದ ತಲೆ ಮಾತ್ರ ಉಳಿಸಿಕೊಂಡ ಹೆಸರು ಅದು.

ಅಷ್ಟು ಜನರಿಂದ ಕೆಲಸ ಮಾಡಿಸುತ್ತಿರಲಿಲ್ವಾ?

ಇಲ್ಲ. ಎಲ್ಲ ತೊಂದರೆಯ ಬೇರೂ ಅಲ್ಲೇ ಇತ್ತು ಅನ್ನಿ. 1929ರ ಜಿನೀವಾ ಒಪ್ಪಂದದ ಪ್ರಕಾರ ಮಾಮೂಲಿ ಸಿಪಾಯಿಗಳನ್ನು ಹೊಲಕ್ಕೆ, ಕಾರ್ಖಾನೆಗೆ ದುಡಿಯಲು ಕಳಿಸಬಹುದಿತ್ತು, ಆದರೆ ಅಧಿಕಾರಿಗಳು ತಾವಾಗಿ ಕೇಳದೆ ಅವರಿಂದ ಕೆಲಸ ಮಾಡಿಸುವ ಹಾಗಿರಲಿಲ್ಲ. ಸಾಗಾನ್‌ನಲ್ಲಿದ್ದವರಲ್ಲಿ ಬಹುಪಾಲು ಅಧಿಕಾರಿಗಳೇ. ಕಾಗದದ ಮೇಲೆ ಇದು ದೊಡ್ಡ ಸವಲತ್ತು. ಆದರೆ ಯೋಚನೆ ಮಾಡಿ, ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗರು. ನಿನ್ನೆ ರಾತ್ರಿ ಇಂಗ್ಲೆಂಡಿನಲ್ಲಿ ಬಿಯರ್ ಕುಡಿದು ವಿಮಾನ ಹತ್ತಿದವರು, ಇವತ್ತು ಬೇಲಿಯೊಳಗೆ. ಇನ್ನು ಎರಡು ವರ್ಷವೋ ಮೂರು ವರ್ಷವೋ ಮಾಡಲು ಏನೂ ಇಲ್ಲ. ಶಿಕ್ಷೆಗೆ ಅವಧಿ ಇರುತ್ತದೆ, ಇದಕ್ಕೆ ಅದೂ ಇಲ್ಲ. ಯುದ್ಧ ಮುಗಿದಾಗ ಮುಗೀತು, ಅಷ್ಟೇ.

ಒಂದು ಮಾಮೂಲಿ ದಿನ ಹೇಗಿರುತ್ತಿತ್ತು?

ಬೆಳಿಗ್ಗೆ ತಲೆ ಎಣಿಕೆ. ಸಂಜೆ ತಲೆ ಎಣಿಕೆ. ಇದಕ್ಕೆ ಅಪೆಲ್ ಅಂತ ಹೆಸರು. ಐದೈದು ಜನರ ಸಾಲಿನಲ್ಲಿ ನಿಲ್ಲಬೇಕು, ಜರ್ಮನ್ನರು ಎಣಿಸಿಕೊಂಡು ಹೋಗುತ್ತಾರೆ. ಲೆಕ್ಕ ತಪ್ಪಿದರೆ ಮತ್ತೆ ಮೊದಲಿಂದ, ಮಳೆ ಬರಲಿ ಹಿಮ ಬೀಳಲಿ. ಕೆಲವು ಸಲ ಲೆಕ್ಕ ತಾನಾಗಿ ತಪ್ಪುತ್ತಿತ್ತು, ಬಹಳ ಸಲ ಕೈದಿಗಳೇ ಬೇಕಂತ ಸಾಲು ಬದಲಿಸಿ ತಪ್ಪಿಸುತ್ತಿದ್ದರು. ತಾವೇ ಚಳಿಯಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾಗುತ್ತದೆ ಅಂತ ಗೊತ್ತಿದ್ದೂ ಹಾಗೆ ಮಾಡುತ್ತಿದ್ದರು ಅಂದರೆ ಬೇಜಾರು ಯಾವ ಮಟ್ಟದ್ದು ಲೆಕ್ಕ ಹಾಕಿ.

ಎರಡು ಎಣಿಕೆಗಳ ನಡುವೆ ಇಡೀ ದಿನ ಖಾಲಿ. ಬೇಲಿಯ ಒಳಗೆ ಮೊಣಕಾಲೆತ್ತರಕ್ಕೆ ಒಂದು ತಂತಿ ಎಳೆದಿದ್ದರು, ಅದನ್ನು ದಾಟಿದರೆ ಗೋಪುರದಿಂದ ಗುಂಡು. ಆ ತಂತಿಯ ಪಕ್ಕದಲ್ಲೇ ಕಾಲುದಾರಿ. ಅದರಲ್ಲಿ ಸುತ್ತು ಹಾಕುವುದೇ ಮುಖ್ಯ ಕಸುಬು. ಇಬ್ಬಿಬ್ಬರು ಜೋಡಿಯಾಗಿ ಸುತ್ತುತ್ತಿದ್ದರು, ದೇವಸ್ಥಾನದ ಪ್ರದಕ್ಷಿಣೆ ಹಾಗೆ, ಒಳಗೆ ದೇವರಿಲ್ಲ ಅಷ್ಟೇ. ಗುಟ್ಟು ಮಾತಾಡಲು ಅದೇ ಜಾಗ, ಜಗಳ ಆದ ಮೇಲೆ ತಣ್ಣಗಾಗಲು ಅದೇ ಜಾಗ, ಮನೆಯಿಂದ ಕೆಟ್ಟ ಸುದ್ದಿ ಬಂದವನ ಜೊತೆ ಸುಮ್ನೆ ನಡೆಯಲೂ ಅದೇ.

ಕತ್ತಲಾದ ಮೇಲೆ ಕಿಟಕಿ ಬಾಗಿಲು ಮುಚ್ಚಿ ಬೀಗ. ಹೊರಗೆ ನಾಯಿ ಬಿಡುತ್ತಿದ್ದರು. ಒಳಗೆ ಇಸ್ಪೀಟು, ಓದು, ಹರಟೆ. ಒಂದೊಂದು ಕೋಣೆಯಲ್ಲಿ ಶುರುವಿನಲ್ಲಿ ಎಂಟು ಜನ, ಆಮೇಲೆ ಹನ್ನೆರಡು, ಕೊನೆಕೊನೆಗೆ ಹದಿನೈದು. ಒಂದರ ಮೇಲೊಂದು ಮೂರು ಮಂಚ.

ಊಟ ಏನು ಕೊಡುತ್ತಿದ್ದರು?

ಜರ್ಮನ್ನರು ಕೊಡುತ್ತಿದ್ದದ್ದು ಕಪ್ಪು ಬ್ರೆಡ್ಡು, ಆಲೂಗಡ್ಡೆ, ಟರ್ನಿಪ್ ಥರದ ಗೆಡ್ಡೆಗಳು, ಬಾರ್ಲಿ ಗಂಜಿ, ಯಾವಾಗಲಾದರೂ ಒಂದು ಚೂರು ಮಾಂಸ ಅಥವಾ ರಕ್ತದ ಸಾಸೇಜು. ಕಾಫಿ ಅಂತ ಕೊಡುತ್ತಿದ್ದದ್ದರಲ್ಲಿ ಕಾಫಿ ಇರಲಿಲ್ಲ, ಹುರಿದ ಧಾನ್ಯದ ಪುಡಿ. ಅದನ್ನು ಕುಡಿಯುವ ಬದಲು ಗಡ್ಡ ಹೆರೆಯಲು ಬಳಸಿದವರಿದ್ದರು, ಕನಿಷ್ಠ ಬಿಸಿ ಇತ್ತಲ್ಲ. ಇಷ್ಟರಲ್ಲೇ ಬದುಕಬೇಕಿದ್ದರೆ ಎಲುಬು ಮಾತ್ರ ಉಳಿಯುತ್ತಿತ್ತು.

ಉಳಿಸಿದ್ದು ರೆಡ್‌ಕ್ರಾಸ್ ಪೊಟ್ಟಣ. ಬ್ರಿಟನ್, ಕೆನಡಾ, ಅಮೆರಿಕದಿಂದ ಸ್ವಿಟ್ಜರ್ಲೆಂಡಿನ ಮೂಲಕ ಬರುತ್ತಿತ್ತು. ಎಲ್ಲ ಸರಿಯಿದ್ದರೆ ತಲೆಗೆ ವಾರಕ್ಕೊಂದು. ಒಳಗೆ ಡಬ್ಬಿ ಮಾಂಸ, ಮೀನು, ಹಾಲಿನ ಪುಡಿ, ಬೆಣ್ಣೆ ಅಥವಾ ಮಾರ್ಗರಿನ್, ಸಕ್ಕರೆ, ಜಾಮ್, ಒಣದ್ರಾಕ್ಷಿ, ಬಿಸ್ಕತ್ತು, ಚಾಕೊಲೇಟು, ಸೋಪು. ಬ್ರಿಟಿಷ್ ಪೊಟ್ಟಣದಲ್ಲಿ ಚಹ, ಅಮೆರಿಕದ್ದರಲ್ಲಿ ಕಾಫಿ. 1944ರ ಶರತ್ಕಾಲದಲ್ಲಿ ಪೊಟ್ಟಣ ಅರ್ಧಕ್ಕೆ ಇಳಿಯಿತು. ಆಗಿನಿಂದ ಕ್ಯಾಂಪಿನ ಮಾತುಕತೆಯೆಲ್ಲ ಊಟದ ಮೇಲೇ. ಹೆಣ್ಣಿನ ವಿಷಯ ಮಾತಾಡುತ್ತಿದ್ದವರು ಪುಡಿಂಗ್ ವಿಷಯ ಮಾತಾಡಲು ಶುರು ಮಾಡಿದರೆ ಹಸಿವು ಶುರುವಾಗಿದೆ ಅಂತಲೇ ಅರ್ಥ.

ಕ್ಲಿಮ್ ಡಬ್ಬಿ ಅಂದರೆ ಏನು? ಎಲ್ಲ ಕಡೆ ಅದರ ಮಾತೇ ಇರುತ್ತಲ್ಲ?

ಕೆನಡಾದ ಪೊಟ್ಟಣದಲ್ಲಿ ಬರುತ್ತಿದ್ದ ಹಾಲಿನ ಪುಡಿಯ ತಗಡಿನ ಡಬ್ಬಿ. ಇಂಗ್ಲಿಷಿನ ಮಿಲ್ಕ್ ಅನ್ನುವುದನ್ನು ಹಿಂದುಮುಂದು ಮಾಡಿದ ಹೆಸರು, ನಾವು ಹಾಲು ಅನ್ನುವುದನ್ನು ಲುಹಾ ಅಂದ ಹಾಗೆ. ಪುಡಿ ಮುಗಿದ ಮೇಲೆ ಡಬ್ಬಿಯ ನಿಜವಾದ ಜೀವನ ಶುರು.

ತಳ ತೆಗೆದು, ಪಕ್ಕ ಸೀಳಿ, ಮೇಜಿನ ಅಂಚಿಗೆ ಇಟ್ಟು ತಟ್ಟಿ ತಟ್ಟಿ ಚಪ್ಪಟೆ ಮಾಡಿದರೆ ಒಂದು ಹಾಳೆ. ಎರಡು ಹಾಳೆಯ ಅಂಚನ್ನು ಒಂದಕ್ಕೊಂದು ಮಡಚಿ ಸಿಕ್ಕಿಸಿ ಮತ್ತೆ ತಟ್ಟಿದರೆ ದೊಡ್ಡ ಹಾಳೆ. ಬೆಸುಗೆ ಬೇಕಾದರೆ ಡಬ್ಬಿಯ ಹೊಲಿಗೆಯಲ್ಲಿದ್ದ ಸೀಸವನ್ನು ಕರಗಿಸಿ ಹನಿ ಹನಿ ಕೂಡಿಡುತ್ತಿದ್ದರು. ಇದರಲ್ಲಿ ಲೋಟ, ತಟ್ಟೆ, ಬಾಣಲೆ, ಕೇಕ್ ಬೇಯಿಸುವ ಪಾತ್ರೆ, ದೀಪ. ಜರ್ಮನಿಯ ಹಲವು ಕ್ಯಾಂಪುಗಳಲ್ಲಿ ಕೈಯಿಂದ ತಿರುಗಿಸುವ ಸಣ್ಣ ಫ್ಯಾನ್ ಇರುವ ಒಲೆಯನ್ನೂ ಮಾಡಿದ್ದರು. ನಮ್ಮ ಕಮ್ಮಾರರ ತಿದಿ ನೋಡಿದ್ದೀರಲ್ಲ, ಅದೇ ಲೆಕ್ಕ. ಒಂದು ಹಿಡಿ ಕಡ್ಡಿಚೂರು ಹಾಕಿ ತಿರುಗಿಸಿದರೆ ಕೆಲವೇ ನಿಮಿಷದಲ್ಲಿ ಚಹದ ನೀರು ಕುದಿಯುತ್ತಿತ್ತು.

ಒಂದು ಪಾತ್ರೆಗೆ ಎರಡು ದಿನ ಹಿಡಿದರೂ ಯಾರಿಗೂ ಬೇಸರವಿಲ್ಲ. ಎರಡು ದಿನ ಹಿಡಿಯಿತು ಅನ್ನುವುದೇ ಲಾಭ.

ಹದಿನೈದು ಜನ ಒಂದು ಕೋಣೆಯಲ್ಲಿ ಜಗಳ ಆಡುತ್ತಿರಲಿಲ್ವಾ?

ಆಡದೆ ಇರುತ್ತಾರಾ! ಬಾಂಬ್ ಬೀಳುವಾಗ ಹೆದರದವರು, ಎದುರಿನವನು ಚಮಚವನ್ನು ಲೋಟದೊಳಗೆ ಎಷ್ಟು ಸಲ ತಿರುಗಿಸುತ್ತಾನೆ ಅನ್ನುವುದಕ್ಕೆ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗುತ್ತಿದ್ದರು. ಒಂದೇ ಕಥೆಯನ್ನು ನಲವತ್ತನೇ ಸಲ ಹೇಳುವವನು, ಬಾಗಿಲು ಮುಚ್ಚದವನು, ಮೂಗಿನಲ್ಲಿ ಹಾಡುವವನು. ಇಂಥವೇ.

ಅದಕ್ಕೇ ಹಂಚಿಕೆಯಲ್ಲಿ ಭಾರಿ ಕಟ್ಟುನಿಟ್ಟು. ಬ್ರೆಡ್ಡು ಕತ್ತರಿಸುವುದನ್ನು ಇಡೀ ಕೋಣೆ ಕಣ್ಣು ಮಿಟುಕಿಸದೆ ನೋಡುತ್ತಿತ್ತು. ಕತ್ತರಿಸಿದವನು ಕೊನೆಗೆ ಉಳಿದ ತುಂಡನ್ನು ತೆಗೆದುಕೊಳ್ಳಬೇಕು, ಉಳಿದವರು ಇಸ್ಪೀಟು ಎಲೆ ಎತ್ತಿ ಸರದಿಯಲ್ಲಿ ಆರಿಸಬೇಕು. ಮನೆಯಲ್ಲಿ ಅಣ್ಣತಮ್ಮಂದಿರಿಗೆ ಒಂದೇ ಹೋಳಿಗೆ ಇದ್ದಾಗ ಅಮ್ಮ ಮಾಡುವ ನ್ಯಾಯ ಇದೇ ಅಲ್ವಾ? ನೀನು ಮುರಿ, ಅವನು ಆರಿಸಲಿ. ಹಾಗೆ ಕತ್ತರಿಸಿದ ತುಂಡುಗಳು ಎಷ್ಟು ಸಮ ಇರುತ್ತಿದ್ದವು ಅಂತ ಬೇರೆ ಹೇಳಬೇಕಿಲ್ಲ.

ಸಿಗರೇಟೇ ದುಡ್ಡಾಗಿತ್ತಂತೆ, ನಿಜಾನಾ?

ನಿಜ. ಇದು ಸಾಗಾನ್‌ನಲ್ಲಿ ಮಾತ್ರ ಅಲ್ಲ, ಎಲ್ಲ ಕ್ಯಾಂಪಿನಲ್ಲೂ. ಆರ್.ಎ. ರಾಡ್‌ಫರ್ಡ್ ಅನ್ನುವ ಅರ್ಥಶಾಸ್ತ್ರದ ಮನುಷ್ಯ ಇಟಲಿಯಲ್ಲೂ ಆಮೇಲೆ ಜರ್ಮನಿಯ ಮೂಸ್‌ಬುರ್ಗ್ ಕ್ಯಾಂಪಿನಲ್ಲೂ ಕೈದಿಯಾಗಿದ್ದು, ಬಿಡುಗಡೆಯಾದ ಮೇಲೆ 1945ರಲ್ಲಿ ಇದರ ಬಗ್ಗೆ ಒಂದು ಲೇಖನ ಬರೆದ. ಅರ್ಥಶಾಸ್ತ್ರ ಕಲಿಯುವವರಿಗೆ ಈಗಲೂ ಅದನ್ನು ಓದಿಸುತ್ತಾರೆ.

ಎಲ್ಲರಿಗೂ ಒಂದೇ ಥರದ ಪೊಟ್ಟಣ ಬರುತ್ತದೆ, ಆದರೆ ಎಲ್ಲರ ನಾಲಿಗೆ ಒಂದೇ ಅಲ್ಲವಲ್ಲ. ಸೇದದವನು ಸಿಗರೇಟು ಕೊಟ್ಟು ಜಾಮ್ ತೆಗೆದುಕೊಳ್ಳುತ್ತಾನೆ. ಅಲ್ಲಿಂದ ಶುರುವಾಗಿ, ಸ್ವಲ್ಪ ದಿನಕ್ಕೆ ಎಲ್ಲಕ್ಕೂ ಸಿಗರೇಟಿನಲ್ಲಿ ರೇಟು ಬಿತ್ತು. ಪೊಟ್ಟಣ ಬಂದ ದಿನ ಸಾಮಾನು ಅಗ್ಗ. ಬಾಂಬ್ ದಾಳಿಯ ರಾತ್ರಿ ಎಲ್ಲರೂ ಹೆದರಿ ಸೇದಿಬಿಡುತ್ತಿದ್ದರು, ಮರುದಿನ ಸಿಗರೇಟು ಕಮ್ಮಿ, ಹಾಗಾಗಿ ಸಾಮಾನಿನ ಬೆಲೆ ಇಳಿಯುತ್ತಿತ್ತು. ಒಳ್ಳೆ ಬ್ರ್ಯಾಂಡನ್ನು ಸೇದುವುದು, ಕಳಪೆಯದನ್ನು ವ್ಯಾಪಾರಕ್ಕೆ ಬಿಡುವುದು. ಒಬ್ಬ ಪಾದ್ರಿ ಒಂದು ಡಬ್ಬಿ ಚೀಸು ಮತ್ತು ಐದು ಸಿಗರೇಟು ಹಿಡಿದು ಕ್ಯಾಂಪು ಸುತ್ತಲು ಹೊರಟು, ಅದೇ ಚೀಸು ಅದೇ ಐದು ಸಿಗರೇಟಿನ ಜೊತೆಗೆ ಒಂದು ಪೂರ್ತಿ ಪೊಟ್ಟಣವನ್ನೂ ಹೊತ್ತು ವಾಪಸ್ ಬಂದ ಅನ್ನುವ ಕಥೆ ಆಗ ಓಡಾಡುತ್ತಿತ್ತು.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಇನ್ನೊಂದು. ಮೂಸ್‌ಬುರ್ಗ್‌ನಲ್ಲಿ ಭಾರತೀಯ ಸಿಪಾಯಿಗಳೂ ಇದ್ದರು. ಉರ್ದು ಬರುತ್ತಿದ್ದ ಒಬ್ಬ ಅವರ ಕಡೆಗೆ ಹೋಗಿ, ಸಿಖ್ಖರಿಂದ ಡಬ್ಬಿ ಮಾಂಸ ಕೊಂಡು, ಬದಲಿಗೆ ಬೆಣ್ಣೆ ಜಾಮ್ ಮಾರಿ ಚೆನ್ನಾಗಿ ಲಾಭ ಮಾಡಿಕೊಂಡ. ಗುಟ್ಟು ಗೊತ್ತಾಗಿ ಬೇರೆಯವರೂ ನುಗ್ಗಿದ ಮೇಲೆ ಲಾಭ ಕರಗಿತು. ಆದರೆ ಕೊನೆತನಕ ಭಾರತೀಯರ ಕಡೆ ಒಬ್ಬ ಪರಿಚಯದವನಿದ್ದರೆ ಅದಕ್ಕೆ ಬೆಲೆಯಿತ್ತು. ಭಾಷೆ ಬಂದರೆ ಅನ್ನ ಹುಟ್ಟುತ್ತೆ ಅನ್ನುವುದು ಸುಮ್ನೆ ಅಲ್ಲ.

ಸಾಗಾನ್‌ನಲ್ಲಿ ಇಂಥ ಅದಲುಬದಲಿಗೆ ಫುಡ್ಯಾಕೊ ಅಂತ ಕೈದಿಗಳದ್ದೇ ಅಂಗಡಿ ಇತ್ತು.

ಓದುವುದು, ಆಟ, ನಾಟಕ ಎಲ್ಲ ಇತ್ತು ಅಂತಾರೆ. ಜೈಲಾ ಅದು, ಹಾಸ್ಟೆಲ್ಲಾ?

ಬೇಲಿಯ ಹೊರಗಿನಿಂದ ನೋಡಿದರೆ ಹಾಸ್ಟೆಲ್ ಥರಾನೇ ಕಾಣುತ್ತದೆ, ಒಪ್ಪಿದೆ. ಲೈಬ್ರರಿ ಇತ್ತು. ಪಾಠಗಳಿದ್ದವು. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದ ಹೊಸ ಕಟ್ಟಡದಲ್ಲಿ ಕೂತು ರೆಡ್‌ಕ್ರಾಸ್‌ನವರು ಕೈದಿಗಳು ಕೇಳಿದ ಪುಸ್ತಕ ಹುಡುಕಿ ಕಳಿಸುತ್ತಿದ್ದರು. ಪ್ರಶ್ನೆಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು, ಕ್ಯಾಂಪಿನಲ್ಲೇ ಪರೀಕ್ಷೆ, ಉತ್ತರಪತ್ರಿಕೆ ವಾಪಸ್ ಇಂಗ್ಲೆಂಡಿಗೆ. ಲಾ, ಎಂಜಿನಿಯರಿಂಗು, ಭಾಷೆಗಳು. ಜರ್ಮನ್ ಕ್ಲಾಸಿಗೆ ಯಾಕೆ ಅಷ್ಟು ಜನ ಸೇರುತ್ತಿದ್ದರು ಅಂತ ಕಾವಲಿನವರಿಗೂ ಗೊತ್ತಿತ್ತು ಬಿಡಿ.

ಉತ್ತರದ ಆವರಣದಲ್ಲಿ ಕೈದಿಗಳೇ ಒಂದು ನಾಟಕಶಾಲೆ ಕಟ್ಟಿದರು. ಪೊಟ್ಟಣ ಬರುತ್ತಿದ್ದ ಮರದ ಪೆಟ್ಟಿಗೆಗಳನ್ನು ಬಿಚ್ಚಿ ಅವುಗಳಿಂದಲೇ ಕುರ್ಚಿ ಮಾಡಿದರು. ಎರಡು ವಾರಕ್ಕೊಂದು ಹೊಸ ನಾಟಕ. ಹೆಣ್ಣು ಪಾತ್ರವೂ ಗಂಡಸರದ್ದೇ, ನಮ್ಮ ಕಂಪನಿ ನಾಟಕದ ಕಾಲದ ಹಾಗೆ. ಆ ರಂಗದ ಮೇಲೆ ಹೆಜ್ಜೆ ಹಾಕಿದ ಪೀಟರ್ ಬಟರ್‌ವರ್ತ್, ರೂಪರ್ಟ್ ಡೇವೀಸ್ ಆಮೇಲೆ ಬ್ರಿಟನ್ನಿನಲ್ಲಿ ಹೆಸರಾಂತ ನಟರಾದರು. ಇನ್ನೊಂದು ತಮಾಷೆ, 13ನೇ ನಂಬರಿನ ಕುರ್ಚಿಯ ಕೆಳಗೆ ಆಮೇಲೆ ಒಂದು ಸುರಂಗವನ್ನೂ ತೋಡಿದರು.

ಆಟ ಅಂದರೆ ಗಾಲ್ಫ್ ಕಥೆ ಹೇಳಲೇಬೇಕು. ಯಾರಿಗೋ ಒಂದೇ ಒಂದು ಹಳೇ ಕೋಲು ಸಿಕ್ಕಿತು, ಅದೂ ಹೆಂಗಸರು ಆಡುವ ಅಳತೆಯದು. ಚೆಂಡು ಇಲ್ಲ. ರಬ್ಬರನ್ನು ಎಳೆ ಎಳೆಯಾಗಿ ಕತ್ತರಿಸಿ, ಬಿಗಿಯಾಗಿ ಸುತ್ತಿ, ಮೇಲೆ ಹಳೇ ಬೂಟಿನ ಚರ್ಮ ಹೊಲಿದು ಚೆಂಡು ಮಾಡಿದರು. ಬರಬರುತ್ತಾ ಅದರಲ್ಲಿ ಎಷ್ಟು ಪಳಗಿದರು ಅಂದರೆ ಅಂಗಡಿ ಚೆಂಡಿನ ತೂಕಕ್ಕೆ ತಂದುಬಿಟ್ಟರು. ಗುಡಿಸಲುಗಳ ಸಂದಿಯಲ್ಲೇ ಮೈದಾನ. ಹುಲ್ಲು ಎಲ್ಲಿಂದ ಬರಬೇಕು, ಮರಳು ಹಾಸಿ ಅದಕ್ಕೆ ಗ್ರೀನ್ ಬದಲು ಬ್ರೌನ್ ಅಂತ ಹೆಸರಿಟ್ಟರು. ಕಿಟಕಿ ಗಾಜು ಒಡೆದದ್ದು ಎಷ್ಟೋ. ಚಳಿಗಾಲದಲ್ಲಿ ಕೆನಡಾದವರು ನೆಲಕ್ಕೆ ನೀರು ಹುಯ್ದು ಹೆಪ್ಪುಗಟ್ಟಿಸಿ ಸ್ಕೇಟಿಂಗ್ ಮಾಡುತ್ತಿದ್ದರು.

ಮನೆಗೆ ಕಾಗದ ಬರೆಯಬಹುದಿತ್ತಾ?

ಅಧಿಕಾರಿಗಳಿಗೆ ತಿಂಗಳಿಗೆ ಮೂರು ಕಾಗದ, ನಾಲ್ಕು ಕಾರ್ಡು. ಎರಡು ಕಡೆಯೂ ಸೆನ್ಸಾರ್. ತಲುಪಲು ವಾರಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ. ನೀವು ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಪ್ರಶ್ನೆಯೇ ಮರೆತಿರುತ್ತಿತ್ತು. ನಿಶ್ಚಿತಾರ್ಥ ಮುರಿದ ಕಾಗದಗಳೂ ಬರುತ್ತಿದ್ದವು. ಮೊದಮೊದಲು ಅವನ್ನು ಮುಚ್ಚಿಡುತ್ತಿದ್ದರು, ಆಮೇಲೆ ನೋಟಿಸ್ ಬೋರ್ಡಿಗೆ ಚುಚ್ಚಲು ಶುರು ಮಾಡಿದರು. ಎಲ್ಲರೂ ಓದಿ ನಕ್ಕರೆ ಸ್ವಲ್ಪ ಹಗುರ.

ಒಂದು ಕಥೆ ಎಷ್ಟೋ ಕ್ಯಾಂಪುಗಳಲ್ಲಿ ಓಡಾಡುತ್ತಿತ್ತು. ರೆಡ್‌ಕ್ರಾಸ್ ಮೂಲಕ ಬಂದ ಸ್ವೆಟರ್ ಒಳಗೆ ಹೆಣೆದವಳ ವಿಳಾಸ ಸಿಕ್ಕಿ ಒಬ್ಬ ಕೈದಿ ಥ್ಯಾಂಕ್ಸ್ ಬರೆದನಂತೆ. ಅವಳ ಉತ್ತರ ಬಂತು: ಅದು ಕೈದಿಗೆ ಹೋಯಿತು ಅಂತ ಬೇಸರವಾಯಿತು, ನಾನು ಹೆಣೆದದ್ದು ಯುದ್ಧ ಮಾಡುತ್ತಿರುವವನಿಗೆ. ನಡೆದದ್ದೋ ಕಟ್ಟಿದ್ದೋ, ಅವರು ಅದನ್ನೇ ಮತ್ತೆ ಮತ್ತೆ ಹೇಳಿಕೊಂಡು ನಗುತ್ತಿದ್ದರು. ಸಿಕ್ಕಿಬಿದ್ದವರ ನಾಚಿಕೆ ಅದರಲ್ಲೇ ಇದೆ ನೋಡಿ.

ಹೊರಗಿನ ಸುದ್ದಿ ಗೊತ್ತಾಗುತ್ತಿತ್ತಾ?

ಗುಟ್ಟಾಗಿ ಕಟ್ಟಿದ ರೇಡಿಯೋ ಇತ್ತು. ಬಿಬಿಸಿ ಕೇಳಿ, ಬರೆದುಕೊಂಡು, ಗುಡಿಸಲಿಂದ ಗುಡಿಸಲಿಗೆ ಹೋಗಿ ಓದುತ್ತಿದ್ದರು, ಕಿಟಕಿಯಲ್ಲಿ ಒಬ್ಬ ಕಾವಲು. ಅದರಾಚೆ ಗಾಳಿಸುದ್ದಿಯ ಸಂತೆ. ಸುದ್ದಿಗೆ ವಾಯುಪಡೆಯವರ ಮಾತಿನಲ್ಲಿ ಜೆನ್ ಅಂತ ಹೆಸರು. ಸುಳ್ಳು ಸುದ್ದಿ ಡಫ್ ಜೆನ್. ನಂಬಬಹುದಾದದ್ದು ಪಕ್ಕಾ ಜೆನ್. ಹೌದು, ನಮ್ಮ ಪಕ್ಕಾನೇ! ಭಾರತದಲ್ಲಿದ್ದ ಬ್ರಿಟಿಷರ ಬಾಯಿಂದ ಸೈನ್ಯಕ್ಕೆ ಹೋಗಿ, ಅಲ್ಲಿಂದ ಪೈನ್ ಕಾಡಿನ ನಡುವಿನ ಬೇಲಿಯೊಳಗೂ ಹೊಕ್ಕಿತ್ತು. ಕ್ರಿಸ್‌ಮಸ್ ಹೊತ್ತಿಗೆ ಮನೆಗೆ ಹೋಗ್ತೀವಿ ಅನ್ನುವ ಪಕ್ಕಾ ಸುದ್ದಿ ಪ್ರತಿ ವರ್ಷ ಬರುತ್ತಿತ್ತು.

ಕಾವಲಿನವರು ಹೇಗಿದ್ದರು?

ವಯಸ್ಸಾದವರು, ಗಾಯಗೊಂಡು ರಣರಂಗದಿಂದ ಬಂದವರು ಜಾಸ್ತಿ. ಕೈದಿಗಳು ಅವರನ್ನು ಗೂನ್ ಅನ್ನುತ್ತಿದ್ದರು. ಸುರಂಗ ಹುಡುಕಲೆಂದೇ ನೀಲಿ ಮೇಲಂಗಿ ತೊಟ್ಟು, ಕಬ್ಬಿಣದ ಸಲಾಕೆ ಹಿಡಿದು ಗುಡಿಸಲ ಕೆಳಗೆ ನುಸುಳುತ್ತಿದ್ದವರಿಗೆ ಫೆರೆಟ್ ಅಂತ ಹೆಸರು, ಅಂದರೆ ಬಿಲಕ್ಕೆ ನುಗ್ಗಿ ಮೊಲ ಓಡಿಸುವ ಪ್ರಾಣಿ. ಚಾಕೊಲೇಟು, ಕಾಫಿ ಕೊಟ್ಟರೆ ಇಂಕು, ನಕ್ಷೆ, ರೇಡಿಯೋ ಬಿಡಿಭಾಗ ತಂದುಕೊಡುವವರೂ ಇದ್ದರು. ಕೊನೆಕೊನೆಗೆ ಕಾವಲಿನವನಿಗಿಂತ ಕೈದಿಯ ಬಳಿಯೇ ಒಳ್ಳೆ ಕಾಫಿ ಇತ್ತಲ್ಲ.

ಗೇಟಿನ ಹತ್ತಿರ ಒಬ್ಬ ಕೈದಿ ದಿನವಿಡೀ ಕೂತು ಯಾವ ಜರ್ಮನ್ ಎಷ್ಟು ಹೊತ್ತಿಗೆ ಒಳಗೆ ಬಂದ, ಎಷ್ಟು ಹೊತ್ತಿಗೆ ಹೊರಗೆ ಹೋದ ಅಂತ ಬರೆಯುತ್ತಿದ್ದ. ಜರ್ಮನ್ನರಿಗೂ ಇದು ಗೊತ್ತಿತ್ತು. ಒಂದು ದಿನ ಅವರ ಸಾರ್ಜೆಂಟನೇ ಬಂದು ಆ ಪಟ್ಟಿ ಕೇಳಿ ನೋಡಿ, ತನ್ನವರು ಡ್ಯೂಟಿ ಮುಗಿಯುವ ಮುಂಚೆಯೇ ಜಾಗ ಖಾಲಿ ಮಾಡಿದ್ದು ಗೊತ್ತಾಗಿ ಅವರಿಗೆ ಶಿಕ್ಷೆ ಕೊಟ್ಟ ಅಂತ ಕೈದಿಗಳು ಹೇಳಿಕೊಳ್ಳುತ್ತಿದ್ದರು. ನಮ್ಮ ಆಫೀಸುಗಳ ಹಾಜರಿ ಪುಸ್ತಕಕ್ಕೂ ಇಷ್ಟು ನಂಬಿಕೆ ಇರಲಿಕ್ಕಿಲ್ಲ.

ಬೇಜಾರಿಗೆ ತಲೆ ಕೆಟ್ಟವರಿದ್ದರಾ?

ಇದ್ದರು. ಇದಕ್ಕೆ ಹೆಸರೂ ಇದೆ, ಮುಳ್ಳುತಂತಿ ಕಾಯಿಲೆ. ಮೊದಲನೇ ಮಹಾಯುದ್ಧದಲ್ಲಿ ಕ್ಯಾಂಪುಗಳನ್ನು ನೋಡಿ ಬಂದ ಸ್ವಿಟ್ಜರ್ಲೆಂಡಿನ ಡಾಕ್ಟರ್ ವಿಶರ್ ಇದರ ಮೇಲೆ ಪುಸ್ತಕವನ್ನೇ ಬರೆದಿದ್ದರು. ಸಣ್ಣದಕ್ಕೂ ಸಿಡುಕು, ಒಂದು ಪುಟ ಓದಲೂ ಆಗದಿರುವುದು, ಹೆಸರುಗಳು ಮರೆಯುವುದು, ಗಂಟೆಗಟ್ಟಲೆ ಮಂಚದ ಮೇಲೆ ಮಲಗಿ ಮೇಲಿನ ಹಲಗೆ ನೋಡುವುದು. ಇಡೀ ದಿನ ನಿದ್ದೆ ಮಾಡುವವರು ಜಾಸ್ತಿ. ಕೆಲವರು ಹಾಡುಹಗಲೇ ಬೇಲಿ ಹತ್ತಲು ಹೋದದ್ದೂ ಇದೆ. ಅದನ್ನು ತಪ್ಪಿಸಿಕೊಳ್ಳುವ ಪ್ರಯತ್ನ ಅನ್ನಬೇಕೋ ಇನ್ನೇನು ಅನ್ನಬೇಕೋ ಗೊತ್ತಾಗುವುದಿಲ್ಲ.

ಕೋಣೆಯವರೇ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಮಲಗಿದ್ದಲ್ಲೇ ಇದ್ದರೆ ಎಬ್ಬಿಸಿ, ಬಾ ಎರಡು ಸುತ್ತು ಹಾಕೋಣ ಅಂತ ಎಳೆದುಕೊಂಡು ಹೋಗುತ್ತಿದ್ದರು. ಔಷಧಿ ಇದ್ದದ್ದು ಅದೊಂದೇ.

ಹಾಗಾದರೆ ತಪ್ಪಿಸಿಕೊಳ್ಳುವುದೂ ಬೇಜಾರು ಕಳೆಯುವ ದಾರಿಯಾ?

ನನ್ನ ಅಭಿಪ್ರಾಯ ಕೇಳಿದರೆ ಬಹಳಷ್ಟು ಮಟ್ಟಿಗೆ ಹೌದು. ಅದು ಕರ್ತವ್ಯ ಅಂತ ನಂಬಿದವರೂ ಇದ್ದರು, ಸರಿ. ಆದರೆ ಸುರಂಗ ಅಂದರೆ ನೂರಾರು ಜನಕ್ಕೆ ಕೆಲಸ. ಅಗೆಯುವವರು, ಬಡಗಿಗಳು, ದರ್ಜಿಗಳು, ನಕಲಿ ಪಾಸ್ ಬರೆಯುವವರು, ಸುಮ್ನೆ ಕಿಟಕಿಯಲ್ಲಿ ಕೂತು ನೋಡುವವರು. ಬೆಳಿಗ್ಗೆ ಎದ್ದರೆ ಹೋಗಲು ಒಂದು ಜಾಗ ಇದೆ ಅನ್ನುವುದು ಸಣ್ಣ ಮಾತಲ್ಲ.

ಅಲ್ಲಿನ ನೆಲ ಮೇಲೆ ಬೂದು, ಒಂದು ಪದರ ಕೆಳಗೆ ಹಳದಿ ಮರಳು. ಆ ಮರಳು ಕಂಡರೆ ಮುಗೀತು. ಹಾಗಾಗಿ ಪ್ಯಾಂಟಿನೊಳಗೆ ಉದ್ದ ಚೀಲ ಇಳಿಬಿಟ್ಟು, ಮೈದಾನದಲ್ಲಿ ಓಡಾಡುತ್ತಾ ದಾರ ಎಳೆದು ಸ್ವಲ್ಪ ಸ್ವಲ್ಪ ಸುರಿದು ಕಾಲಿನಿಂದ ಒರೆಸುತ್ತಿದ್ದರು. ಆ ನಡಿಗೆ ನೋಡಿ ಅವರಿಗೆ ಪೆಂಗ್ವಿನ್ ಅಂತ ಹೆಸರು ಬಿತ್ತು. 1943ರ ಅಕ್ಟೋಬರಿನಲ್ಲಿ ಮೂವರು ವ್ಯಾಯಾಮದ ಮರದ ಕುದುರೆಯ ಒಳಗೆ ಕೂತು ಸುರಂಗ ತೋಡಿ ಸ್ವೀಡನ್ ತಲುಪಿದರು. ತಿಂಗಳುಗಟ್ಟಲೆ ಮೇಲೆ ಗೆಳೆಯರು ಕುದುರೆ ಹಾರುತ್ತಿದ್ದರು, ಕೆಳಗೆ ಅಗೆತ.

1944ರ ಮಾರ್ಚ್ 24ರ ರಾತ್ರಿ ಹ್ಯಾರಿ ಅನ್ನುವ ಸುರಂಗದಿಂದ 76 ಜನ ಹೊರಬಿದ್ದರು. ಸುಮಾರು 9 ಮೀಟರ್ ಆಳ, 100 ಮೀಟರಿಗಿಂತ ಉದ್ದ. ಆಮೇಲೆ ಜರ್ಮನ್ನರು ಏನೇನು ಕಳೆದಿದೆ ಅಂತ ಲೆಕ್ಕ ಹಾಕಿದಾಗ ಸಿಕ್ಕಿದ್ದು: ಮಂಚದ ಹಲಗೆ ಸುಮಾರು 4,000, ಟವೆಲ್ 3,424, ಚಾಕು 1,219, ಚಮಚ 478. ಮೂವರು ಮಾತ್ರ ಪಾರಾದರು. 73 ಜನ ಸಿಕ್ಕಿಬಿದ್ದರು. ಅವರಲ್ಲಿ 50 ಜನರನ್ನು ಹಿಟ್ಲರನ ಆದೇಶದ ಮೇಲೆ ಅವನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಗುಂಡಿಟ್ಟು ಕೊಂದಿತು. ಆಟದ ಥರ ಶುರುವಾದದ್ದು ಅಲ್ಲಿಗೆ ಆಟವಾಗಿ ಉಳಿಯಲಿಲ್ಲ. ಸತ್ತವರಿಗೆ ಉಳಿದ ಕೈದಿಗಳು ಕಲ್ಲಿನ ಸ್ಮಾರಕ ಕಟ್ಟಿದರು, ಈಗಲೂ ಇದೆ.

ದಿ ಗ್ರೇಟ್ ಎಸ್ಕೇಪ್ ಸಿನಿಮಾದಲ್ಲಿ ಅಮೆರಿಕನ್ ಕೈದಿ ಮೋಟಾರ್‌ಬೈಕಿನಲ್ಲಿ ಬೇಲಿ ಹಾರುತ್ತಾನಲ್ಲ, ಅದು?

ಸುಳ್ಳು. ಬೈಕೂ ಇರಲಿಲ್ಲ. ಸುರಂಗದ ಕೆಲಸ ಮಾಡಿದ್ದ ಅಮೆರಿಕನ್ನರನ್ನು ತಿಂಗಳುಗಳ ಹಿಂದೆಯೇ ಬೇರೆ ಆವರಣಕ್ಕೆ ಸಾಗಿಸಿದ್ದರು.

ಎಲ್ಲ ಯುದ್ಧಕೈದಿಗಳ ಪಾಡೂ ಹೀಗೇ ಇತ್ತಾ?

ಖಂಡಿತ ಇಲ್ಲ. ಈ ಪುಟ ಓದಿ ಹಾಗೆ ಅಂದುಕೊಳ್ಳಬೇಡಿ. ಅದೇ ಸಾಗಾನ್ ಊರಿನ ಇನ್ನೊಂದು ಕ್ಯಾಂಪಿನಲ್ಲಿ ಸೋವಿಯತ್ ಸೈನಿಕರಿದ್ದರು. ಅವರಿಗೆ ಪೊಟ್ಟಣವಿಲ್ಲ, ಕಾಗದವಿಲ್ಲ. ಜರ್ಮನ್ನರ ಕೈಗೆ ಸಿಕ್ಕಿದ ಸುಮಾರು 57 ಲಕ್ಷ ಸೋವಿಯತ್ ಕೈದಿಗಳಲ್ಲಿ ಸುಮಾರು 33 ಲಕ್ಷ ಜನ ಸತ್ತರು, ಹಸಿವಿಗೇ ಹೆಚ್ಚು. ಜಪಾನಿನ ಕೈಗೆ ಸಿಕ್ಕಿ ಬರ್ಮಾ ರೈಲುದಾರಿ ಹಾಕಿದವರಿಗೂ ಬೇಜಾರಾಗಲು ಪುರಸೊತ್ತು ಇರಲಿಲ್ಲ. ಬೇಜಾರಾಗಲೂ ಹೊಟ್ಟೆಯಲ್ಲಿ ಸ್ವಲ್ಪ ಏನಾದರೂ ಇರಬೇಕು.

ನಮ್ಮವರು ಯಾರಾದರೂ ಇಂಥ ಕ್ಯಾಂಪಿನಲ್ಲಿದ್ದರಾ?

ಬಹಳ ಜನ. ಮೊದಲನೇ ಮಹಾಯುದ್ಧದಲ್ಲಿ ಬರ್ಲಿನ್ ಹತ್ತಿರ ವ್ಯೂನ್ಸ್‌ಡೋರ್ಫ್ ಕ್ಯಾಂಪಿನಲ್ಲಿ ಭಾರತೀಯ ಸಿಪಾಯಿಗಳಿದ್ದರು. ಜರ್ಮನ್ ಪಂಡಿತರು ಅವರ ಭಾಷೆ ಕೇಳಲೆಂದು ಗ್ರಾಮಫೋನಿನಲ್ಲಿ ಮಾತು ಹಿಡಿದಿಟ್ಟರು. 1916ರ ಡಿಸೆಂಬರ್ 11ರಂದು ಮಾಲ್ ಸಿಂಗ್ ಅನ್ನುವ ಪಂಜಾಬಿ ಸಿಪಾಯಿ ಆ ಕೊಳವೆಯ ಮುಂದೆ ನಿಂತು ತನ್ನ ಕಥೆಯನ್ನೇ ಬೇರೆ ಯಾರದ್ದೋ ಅನ್ನುವ ಹಾಗೆ ಹೇಳಿದ. ಒಬ್ಬ ಮನುಷ್ಯ ಇದ್ದ, ಹಿಂದೂಸ್ತಾನದಲ್ಲಿ ಬೆಣ್ಣೆ ತಿಂದು ಹಾಲು ಕುಡಿದುಕೊಂಡಿದ್ದ, ಯುದ್ಧಕ್ಕೆ ಬಂದ, ಜರ್ಮನ್ನರು ಹಿಡಿದರು, ಈಗ ಅವನಿಗೆ ವಾಪಸ್ ಹೋಗಬೇಕು, ಅಲ್ಲಿ ತಿನ್ನುತ್ತಿದ್ದದ್ದೇ ತಿನ್ನಬೇಕು. ಆ ತಟ್ಟೆ ಈಗಲೂ ಬರ್ಲಿನ್‌ನಲ್ಲಿದೆ.

ಕನ್ನಡ ನಾಡಿನ ಕಡೆ ಬಂದರೆ, ಎರಡನೇ ಯುದ್ಧದಲ್ಲಿ ಬೆಂಗಳೂರಿನ ಸುತ್ತಮುತ್ತಲೇ ಇಟಲಿಯ ಸಾವಿರಾರು ಕೈದಿಗಳನ್ನು ಇಟ್ಟಿದ್ದರು. ಇನ್ನು ಕೊಡಗಿನ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ. 1965ರ ಸೆಪ್ಟೆಂಬರ್ 22ರಂದು, ಕದನವಿರಾಮ ಇನ್ನೇನು ಬಂತು ಅನ್ನುವಾಗ, ಅವರ ಹಂಟರ್ ವಿಮಾನ ಪಾಕಿಸ್ತಾನದಲ್ಲಿ ಬಿತ್ತು. ನಾಲ್ಕು ತಿಂಗಳು ಕೈದಿ. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ತಂದೆಯ ಕೈಕೆಳಗೆ ಕೆಲಸ ಮಾಡಿದವರು, ಬಿಡುತ್ತೇನೆ ಅಂದರೂ ತಂದೆ ಒಪ್ಪಲಿಲ್ಲ, ಅಲ್ಲಿರುವ ಎಲ್ಲರೂ ನನ್ನ ಮಕ್ಕಳೇ ಅಂದರು ಅನ್ನುವ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ಹೇಳದ ಭಾಗ: ಅಯೂಬರ ಹೆಂಡತಿ ಮತ್ತು ಮಗ ನೋಡಲು ಬಂದಾಗ ತಂದದ್ದು ಸಿಗರೇಟು ಮತ್ತು ಪಿ.ಜಿ. ವುಡ್‌ಹೌಸ್ ಕಾದಂಬರಿ. ಕೈದಿಗೆ ಏನು ಬೇಕು ಅಂತ ಯಾರಿಗೋ ಸರಿಯಾಗಿ ಗೊತ್ತಿತ್ತು. ವುಡ್‌ಹೌಸ್ ತಾನೇ 1940–41ರಲ್ಲಿ ಜರ್ಮನ್ನರ ಬಂಧನದಲ್ಲಿದ್ದು ಅಲ್ಲೇ ಒಂದು ಕಾದಂಬರಿ ಬರೆದು ಮುಗಿಸಿದವನು.

ಲಾಕ್‌ಡೌನ್ ಥರ ಅನ್ನಬಹುದಾ?

2020ರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಮನೆಯಲ್ಲಿ ಬ್ರೆಡ್ಡು ಸುಟ್ಟು, ತಾರಸಿಯಲ್ಲಿ ಸುತ್ತು ಹಾಕಿ. ಆದರೆ ನಮಗೆ ಫೋನಿತ್ತು, ಬಾಗಿಲ ಚಿಲಕ ನಮ್ಮ ಕಡೆ ಇತ್ತು.

ಕೊನೆಗೆ ಏನಾಯಿತು?

1945ರ ಜನವರಿ 27ರ ರಾತ್ರಿ, ಸೋವಿಯತ್ ಸೈನ್ಯ ಹತ್ತಿರ ಬಂದಾಗ, ಹೊರಡಿ ಅಂತ ಆದೇಶ. ಹೊರಗೆಲ್ಲ ಹಿಮ. ಮಂಚ, ಕುರ್ಚಿ ಒಡೆದು ಜಾರುಬಂಡಿ ಮಾಡಿಕೊಂಡು ಅದರ ಮೇಲೆ ಊಟದ ಡಬ್ಬಿ ಹೇರಿ ಎಳೆದರು. ಸ್ಪ್ರೆಂಬರ್ಗ್ ಊರಿನವರೆಗೆ ನಡಿಗೆ, ಅಲ್ಲಿಂದ ದನ ಸಾಗಿಸುವ ರೈಲು. ಅಮೆರಿಕನ್ನರಲ್ಲಿ ಬಹಳಷ್ಟು ಜನ ಮೂಸ್‌ಬುರ್ಗ್ ಸೇರಿದರು. ಏಪ್ರಿಲ್ 29ರಂದು ಅಮೆರಿಕದ ಟ್ಯಾಂಕುಗಳು ಅಲ್ಲಿಗೆ ಬಂದವು.

ವರ್ಷಗಟ್ಟಲೆ ದಿನ ಹೋಗಲಿ ಅಂತ ಕಾದವರು ಹೊರಡಲು ಸಿಕ್ಕ ಕೆಲವೇ ಗಂಟೆಯಲ್ಲಿ ಏನು ಹೊರುವುದು ಏನು ಬಿಡುವುದು ಅಂತ ಒದ್ದಾಡಿದರು. ಪುಸ್ತಕ ಬಿಟ್ಟರು. ಕ್ಲಿಮ್ ಲೋಟ ಸೊಂಟಕ್ಕೆ ಕಟ್ಟಿಕೊಂಡರು.

ಈಗ ಅಲ್ಲಿ ನೋಡಲು ಏನಿದೆ?

ಝಗಾನ್‌ನಲ್ಲಿ ಮ್ಯೂಸಿಯಂ ಇದೆ, ಸುರಂಗ ಶುರುವಾದ 104ನೇ ಗುಡಿಸಲ ಪ್ರತಿಕೃತಿ ಇದೆ. ಹ್ಯಾರಿ ಹೋದ ದಾರಿಯನ್ನು ನೆಲದ ಮೇಲೆ ಗುರುತು ಮಾಡಿದ್ದಾರೆ. ಉಳಿದಂತೆ ಪೈನ್ ಮರಗಳು ಮತ್ತೆ ಬೆಳೆದು ಎಲ್ಲ ಮುಚ್ಚಿಹೋಗಿದೆ. ಅಲ್ಲಲ್ಲಿ ಇಟ್ಟಿಗೆ, ಸಿಮೆಂಟಿನ ತಳಪಾಯ, ನಾಟಕಶಾಲೆ ಇದ್ದ ತಗ್ಗು. ಕಾಲಿನಿಂದ ಸ್ವಲ್ಪ ಮಣ್ಣು ಕೆದರಿದರೆ ಸಾಕು, ಹಳದಿ ಮರಳು.